ಗಣತಿಯವರು ಬಂದಾಗ ಅವ್ವನ ಮಾತು ಹೇಳೋಣ

2011ರ ಫೆಬ್ರವರಿ ತಿಂಗಳು. ಹತ್ತಿ ಬಿಡಿಸಿ ಮುಗಿದಿತ್ತು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಜನಗಣತಿಯ ಮೇಷ್ಟ್ರು ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಒಳ್ಳೆಯ ಮನುಷ್ಯ, ದೂರದ ಊರಿನವರು. ಬಿಸಿಲಲ್ಲಿ ನಲವತ್ತು ಮನೆ ತಿರುಗಿ ಬಂದಿದ್ದರು.

“ಅನ್ನಾ, ಮೀ ಇಂಟ್ಲೋ ಎಂತಮಂದಿ?” ಅಂದರು.

“ಏಡುಗುರಮು ಸಾರ್” ಅಂದೆ.

ಹೆಸರು, ವಯಸ್ಸು, ಮದುವೆ, ಧರ್ಮ ಎಲ್ಲ ಕೇಳಿ ಬರೆದರು. ಹತ್ತನೇ ಕಲಮಿಗೆ ಬಂದಾಗ ಮಾತ್ರ ಏನೂ ಕೇಳಲಿಲ್ಲ. ಪೆನ್ನು ತಾನಾಗಿ ಓಡಿತು. ನಾನು ಎದುರಿಗೆ ಕೂತಿದ್ದರಿಂದ ತಲೆಕೆಳಗಾಗಿ ಓದಿದೆ. ಏಳು ಸಾಲಿಗೂ ಮಾತೃಭಾಷೆ ‘ತೆಲುಗು’!

“ಸಾರ್, ಭಾಷ ಅಡಗಲೇದು ಕದಾ?” ಅಂದೆ.

ಅವರು ನಕ್ಕರು. “ಮೀರು ನಾತೋ ತೆಲುಗುಲೋನೇ ಕದನ್ನಾ ಮಾಟ್ಲಾಡೇದಿ?”

ಅದೇ ಹೊತ್ತಿಗೆ ಒಳಗಿನಿಂದ ನಮ್ಮ ಅವ್ವ ಕೂಗಿದಳು: “ಏ ತಮ್ಮಾ, ಆ ಸಾರಿಗೆ ಒಂದೀಟು ಮಜ್ಜಿಗಿ ಕೊಡೋ, ಬಿಸಲಾಗ ಬಂದಾರ.”

ಮೇಷ್ಟ್ರು ಮಜ್ಜಿಗೆ ಕುಡಿದರು, ಎದ್ದರು. ತಿದ್ದಿಸಬೇಕಾಗಿತ್ತು. ನಾನು ತಿದ್ದಿಸಲಿಲ್ಲ. ‘ಹೋಗಲಿ ಬಿಡು, ನಮ್ಮನೆ ಏಳು ಮಂದಿಯಿಂದ ಏನಾಗುತ್ತೆ’ ಅಂದುಕೊಂಡೆ. ತಪ್ಪು ಅವರದು ಅರ್ಧ, ನನ್ನದು ಅರ್ಧ. ಬಾಯಿದ್ದೂ ಸುಮ್ಮನಿದ್ದವನ ಪಾಲೇ ಒಂದು ತೂಕ ಹೆಚ್ಚು.

ಆಮೇಲೆ 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ನಿಂತಿತು. ಈ ನಡುವೆ ಅವ್ವ ತೀರಿಕೊಂಡಳು. ಹುಟ್ಟಿನಿಂದ ಸಾಯುವವರೆಗೆ ಕನ್ನಡ ಬಿಟ್ಟು ಇನ್ನೊಂದು ಮಾತು ನೆಟ್ಟಗೆ ಬಾರದಿದ್ದ ಹೆಣ್ಣುಮಗಳು ದೇಶದ ಲೆಕ್ಕದಲ್ಲಿ ತೆಲುಗಿನಾಕೆಯಾಗಿ ಉಳಿದಳು. ಆಕೆಯನ್ನು ಇನ್ನು ಯಾರೂ ಎಣಿಸುವುದಿಲ್ಲ. ನಾನೂ ತಿದ್ದಿಸಲಾರೆ.

ಈಗ ಮತ್ತೆ ಗಣತಿ ಬಂದಿದೆ. ಆದವಾನಿ, ಆಲೂರು, ಹೊಳಗುಂದ, ಹಾಲಹರವಿ, ಕೌತಾಳಂ, ಕೋಸಿಗಿ ಕಡೆಯ ನಮ್ಮವರಿಗೂ, ಗಡಿಯಾಚೆ ಸಿರುಗುಪ್ಪ, ಬಳ್ಳಾರಿಯಲ್ಲಿರುವ ನಮ್ಮ ಬೀಗರಿಗೂ ಕೂತು ನಾಲ್ಕು ಮಾತು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಕಾಟಾ ಕಟ್ಟುವ ಮುಂಚಿನ ಕೆಲಸ

ಆದವಾನಿ ಮಾರ್ಕೆಟ್ ಯಾರ್ಡಿಗೆ ಹತ್ತಿ ತಂದವರಿಗೆಲ್ಲ ಒಂದು ವಿಷಯ ಗೊತ್ತು. ತೂಕ ಒಂದು ಗಳಿಗೆಯ ಕೆಲಸ. ಆದರೆ ಕಾಟಾ ಸರಿಯಿರಬೇಕು, ಚೀಲ ಎಣಿಸಿರಬೇಕು, ಯಾರ ಮಾಲು ಎಲ್ಲಿಗೆ ಮುಗಿಯಿತು, ಯಾರದು ಎಲ್ಲಿಂದ ಶುರು ಅಂತ ಗೆರೆ ಇರಬೇಕು. ಇಲ್ಲದಿದ್ದರೆ ಚೀಟಿಯೂ ಸುಳ್ಳು, ದುಡ್ಡೂ ಸುಳ್ಳು. ಜನಗಣತಿಯೂ ಹೀಗೇ.

ಮುಂದಿನ ಗಣತಿಯ ಲೆಕ್ಕದ ಗಳಿಗೆ 2027ರ ಮಾರ್ಚ್ 1, ಮಧ್ಯರಾತ್ರಿ 12 ಗಂಟೆ. ಹಿಮ ಬೀಳುವ ಗುಡ್ಡಗಾಡಿನ ಪ್ರದೇಶಗಳಿಗೆ ಮಾತ್ರ ಅದು 2026ರ ಅಕ್ಟೋಬರ್ 1. ಕೇಂದ್ರ ಸರ್ಕಾರ ಇದರ ಅಧಿಸೂಚನೆ ಹೊರಡಿಸಿದ್ದು 2025ರ ಜೂನ್ 16ರಂದು. ಆ ಒಂದು ಗಳಿಗೆಯಲ್ಲಿ ಈ ದೇಶದಲ್ಲಿ ಯಾರು ಯಾರು ಇದ್ದರು ಅನ್ನುವುದೇ ಲೆಕ್ಕ. ಆ ರಾತ್ರಿ ಹನ್ನೆರಡಕ್ಕೆ ಮುಂಚೆ ಹುಟ್ಟಿದ ಕೂಸು ಲೆಕ್ಕಕ್ಕೆ ಉಂಟು, ಹನ್ನೆರಡು ದಾಟಿ ಹುಟ್ಟಿದ್ದು ಇಲ್ಲ.

ಇದು ಎರಡು ಹಂತದ ಕೆಲಸ. ಮೊದಲನೆಯದು ಮನೆಪಟ್ಟಿ. ಅದಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಂತ ಗೊತ್ತು ಮಾಡಿ, ಅದರೊಳಗೆ ಪ್ರತಿ ರಾಜ್ಯಕ್ಕೂ 30 ದಿನ ಅಂತ ಇಟ್ಟರು. ಇದರಲ್ಲಿ ಮನೆಗೆ ಗೋಡೆ ಎಂಥದು, ಮಾಳಿಗೆ ಎಂಥದು, ನೀರು ಎಲ್ಲಿಂದ, ಕರೆಂಟು ಇದೆಯೋ ಇಲ್ಲವೋ, ಬಚ್ಚಲು, ಒಲೆ, ಗಾಡಿ ಇವೆಲ್ಲ ಬರುತ್ತವೆ. ಎರಡನೆಯದು ಜನರ ಎಣಿಕೆ, 2027ರ ಫೆಬ್ರವರಿಯಲ್ಲಿ. ಹೆಸರು, ವಯಸ್ಸು, ಓದು, ಉದ್ಯೋಗ, ಭಾಷೆಯಂಥ ಪ್ರಶ್ನೆಗಳು ಈ ಎರಡನೆಯ ಹಂತದವು. ಜಾತಿಯನ್ನೂ ಈ ಸಲ ಬರೆಯುತ್ತಾರೆ. ಎಲ್ಲ ಜಾತಿಗಳ ಲೆಕ್ಕ ಕೊನೆಯದಾಗಿ ಅಚ್ಚಾದದ್ದು 1931ರ ಗಣತಿಯಲ್ಲಿ.

ಮಂಡಲದಲ್ಲಿ ತಹಶೀಲ್ದಾರರ ಮೇಲೆ, ಪಟ್ಟಣದಲ್ಲಿ ಮುನ್ಸಿಪಾಲಿಟಿಯ ಕಮಿಷನರ ಮೇಲೆ ಇದರ ಹೊಣೆ. ಊರನ್ನು ಬ್ಲಾಕುಗಳಾಗಿ ಹಂಚುತ್ತಾರೆ. ಒಂದು ಬ್ಲಾಕಿಗೆ ಸುಮಾರು 600ರಿಂದ 800 ಜನ, ಒಬ್ಬ ಗಣತಿದಾರ. ಆರು ಗಣತಿದಾರರಿಗೆ ಒಬ್ಬ ಮೇಲ್ವಿಚಾರಕ. ಮನೆ ಮನೆ ಗುರುತಿಸಿ ಕೈನಕ್ಷೆ ಬರೆಯುತ್ತಾರೆ. ಯಾವ ಕೇರಿಯೂ ಎರಡು ಬ್ಲಾಕಿಗೆ ಸೇರಬಾರದು, ಯಾವ ಕೇರಿಯೂ ಎರಡಕ್ಕೂ ಸೇರದೆ ಉಳಿಯಬಾರದು. 2025ರ ಡಿಸೆಂಬರ್ 31ಕ್ಕೆ ಜಿಲ್ಲೆ, ಮಂಡಲ, ಊರುಗಳ ಗಡಿಯನ್ನು ಗಟ್ಟಿ ಮಾಡಿದ್ದು ಇದಕ್ಕೇ. ಎಣಿಸುವ ನಡುವೆ ಗೆರೆ ಸರಿದರೆ ಲೆಕ್ಕ ಕೆಡುತ್ತದೆ.

ಕಾಗದ ಹೋಗಿ ಈಗ ಮೊಬೈಲು ಬಂದಿದೆ. ಬೇಕಾದವರು ತಾವೇ ಆನ್‌ಲೈನಿನಲ್ಲಿ ತುಂಬುವ ಅವಕಾಶವೂ ಇದೆ. ಆದರೆ ಪೆನ್ನಾದರೇನು, ಮೊಬೈಲಾದರೇನು, ಕೇಳದೆ ಬರೆದರೆ ತಪ್ಪು ತಪ್ಪೇ. ಮೊಬೈಲಿನಲ್ಲಿ ತಲೆಕೆಳಗಾಗಿ ಓದುವುದಂತೂ ಇನ್ನೂ ಕಷ್ಟ!

ಧಾತು ಬರ ಲೆಕ್ಕಕ್ಕೆ ಬಂದದ್ದು

ಎಣಿಕೆಯಿಂದ ಏನು ಲಾಭ ಅಂತ ಕೇಳುವವರಿಗೆ ನಮ್ಮ ಜಿಲ್ಲೆಯದೇ ಒಂದು ಕತೆಯಿದೆ. ಮದ್ರಾಸು ಪ್ರಾಂತ್ಯದಲ್ಲಿ 1871ರಲ್ಲಿ ಒಂದು ಎಣಿಕೆ ಆಯಿತು. ಇಡೀ ದೇಶದಲ್ಲಿ ಒಂದೇ ಹೊತ್ತಿಗೆ ನಡೆದ ಮೊದಲ ಗಣತಿ 1881ರದು. ಎರಡರ ನಡುವೆ 1876ರಿಂದ 1878ರವರೆಗೆ ದೊಡ್ಡ ಬರ ಬಂತು. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದದ್ದು ಅದನ್ನೇ. 1881ರಲ್ಲಿ ಎಣಿಸಿದಾಗ ಕರ್ನೂಲು ಜಿಲ್ಲೆಯ ಜನರಲ್ಲಿ ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಹಿಂದೆ ಎಣಿಸಿದ ಲೆಕ್ಕ ಇಲ್ಲದಿದ್ದರೆ ಎಷ್ಟು ಊರು ಹಾಳಾದವು, ಎಷ್ಟು ಒಲೆ ಆರಿದವು ಅನ್ನುವುದು ಬರೀ ಹಾಡಿನಲ್ಲಿ ಉಳಿಯುತ್ತಿತ್ತು. ಹಾಡು ಕಟ್ಟುವವನಾಗಿ ಹೇಳುತ್ತೇನೆ: ಹಾಡು ಕಣ್ಣೀರು ತರಿಸುತ್ತದೆ, ಲೆಕ್ಕ ಜೋಳ ತರಿಸುತ್ತದೆ.

ಈಗಲೂ ಅಷ್ಟೇ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಹಳ್ಳಿಯ ನೂರಕ್ಕೆ 75, ಪಟ್ಟಣದ ನೂರಕ್ಕೆ 50 ಮಂದಿಗೆ ಅಂತ ಪಡಿತರ ಗೊತ್ತು ಮಾಡಿದರು. ಆ ನೂರು ಅನ್ನುವುದು 2011ರ ಗಣತಿಯ ನೂರು. ಆಮೇಲೆ ಹುಟ್ಟಿದವರು, ಬೆಳೆದವರು ಆ ನೂರರಲ್ಲಿ ಇಲ್ಲ. ಆದವಾನಿ ಪಟ್ಟಣ 1901ರಲ್ಲಿ 30,416 ಜನರಿದ್ದ ಊರು. 2011ಕ್ಕೆ 1,66,344 ಆಯಿತು. ಈಗ ಎಷ್ಟು ಅನ್ನುವುದು ಮಾರ್ಕೆಟ್ಟಿನ ಸಂದಿಯಲ್ಲಿ ಗಾಡಿ ಹೊಡೆಯುವವನ ಮೈಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ನಲ್ಲಿ ನೀರು, ಶಾಲೆಯ ಕೋಣೆ, ಆಸ್ಪತ್ರೆಯ ಮಂಚ ಎಲ್ಲವೂ ಕಾಗದ ನೋಡಿ ಬರುತ್ತವೆ, ಮೈ ನೋಡಿ ಅಲ್ಲ.

ಲೆಕ್ಕವೇ ಗಡಿಯಾದ ಕಾಲ

ಭಾಷೆಯ ಲೆಕ್ಕ ಎಷ್ಟು ದೊಡ್ಡದು ಅನ್ನುವುದಕ್ಕೆ ನಾವೇ ಸಾಕ್ಷಿ. ಆದವಾನಿ, ಆಲೂರು, ರಾಯದುರ್ಗ ಮೂರೂ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ನಮ್ಮ ಅಪ್ಪನ ಕಾಲಕ್ಕೆ ಕೋರ್ಟು ಕಚೇರಿ ಅಂದರೆ ಬಳ್ಳಾರಿ. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ಆಂಧ್ರ ರಾಜ್ಯ ಮಾಡುವುದು ಗಟ್ಟಿಯಾಯಿತು. ಬಳ್ಳಾರಿ ಜಿಲ್ಲೆಯ ಹತ್ತು ತಾಲೂಕುಗಳನ್ನು ಹೇಗೆ ಹಂಚುವುದು? ಯಾವ ತಾಲೂಕಿನಲ್ಲಿ ಯಾವ ಭಾಷೆಯವರು ಎಷ್ಟು ಅನ್ನುವ ಲೆಕ್ಕ ಮುಂದೆ ಬಂತು. ತೆಲುಗರು ಹೆಚ್ಚೆಂದು ನಮ್ಮ ಮೂರು ತಾಲೂಕು ಆಂಧ್ರಕ್ಕೆ, ಕನ್ನಡಿಗರು ಹೆಚ್ಚೆಂದು ಆರು ಮೈಸೂರಿಗೆ. ಎರಡೂ ಕಲಸಿದ್ದ ಬಳ್ಳಾರಿ ತಾಲೂಕಿನ ವಿಷಯ ವಿಚಾರಿಸಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ಕಳಿಸಿದರು. ಅವರ ವರದಿಯ ಮೇಲೆ ಅದೂ ಮೈಸೂರಿಗೆ ಸೇರಿತು.

1953ರ ಅಕ್ಟೋಬರ್ 1. “ಮಲಗುವಾಗ ಮದ್ರಾಸಿನಾಗ ಮಲಗಿದ್ವಿ, ಏಳುವಾಗ ಆಂಧ್ರದಾಗ ಎದ್ವಿ. ಎಮ್ಮಿ ಮಾತ್ರ ಅದೇ ಗ್ವಾದಲ್ಯಾಗ ಇತ್ತು” ಅಂತ ಅಪ್ಪ ನಗುತ್ತಿದ್ದ. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಬಂದವು, ರಾಯದುರ್ಗ ಅನಂತಪುರಕ್ಕೆ ಹೋಯಿತು. ಆಮೇಲೆ ಬಂದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು ಬಳ್ಳಾರಿ ಕಡೆಯ ತಾಲೂಕುಗಳೂ ಆಂಧ್ರಕ್ಕೆ ಹೋಗಲಿ ಅಂದಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರ ನಂತರ ಗೆರೆ ಇದ್ದಲ್ಲೇ ಉಳಿಯಿತು.

ಈ ಗೆರೆಯನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ತೆಲುಗಿನಲ್ಲೂ ಪದ್ಯ ಬರೆಯುವವನು ನಾನು. ನನ್ನ ಹೊಲಕ್ಕೆ ಬರುವ ಕೆಳಮಟ್ಟದ ಕಾಲುವೆಯ ನೀರು ಬಳ್ಳಾರಿ ಜಿಲ್ಲೆ ದಾಟಿಯೇ ಬರುತ್ತದೆ. ಅದು ಯಾವ ಭಾಷೆಯಲ್ಲಿ ಹರಿಯುತ್ತದೆ ಅಂತ ಕೇಳಿದವರಿಲ್ಲ. ಹೇಳಬೇಕಾದ್ದು ಇಷ್ಟೇ: ಒಂದು ಕಲಮಿನಲ್ಲಿ ಬರೆದ ಒಂದು ಪದ, ಸಾವಿರ ಮನೆಗಳಿಂದ ಕೂಡಿ ಬಂದರೆ, ಜಿಲ್ಲೆಯನ್ನೇ ಬದಲಿಸಬಲ್ಲದು.

ಹಾಗಂತ ಲೆಕ್ಕವನ್ನು ಜಗಳಕ್ಕೆ ಬಳಸಿದರೆ ಲೆಕ್ಕವೇ ಸಾಯುತ್ತದೆ. ಪಂಜಾಬಿನಲ್ಲಿ 1951ರಲ್ಲಿ ಹಿಂದಿಯೋ ಪಂಜಾಬಿಯೋ ಅನ್ನುವ ಕಿತ್ತಾಟ ಎಷ್ಟಾಯಿತೆಂದರೆ ಎರಡನ್ನೂ ಬೇರೆ ಬೇರೆ ತೋರಿಸದೆ ಒಟ್ಟಿಗೆ ಸೇರಿಸಿ ಲೆಕ್ಕ ಕೊಟ್ಟರು. ಯುರೋಪಿನ ಬೆಲ್ಜಿಯಂ ದೇಶದಲ್ಲಿ ಡಚ್ಚು, ಫ್ರೆಂಚು ಆಡುವ ಊರುಗಳ ಗಡಿಜಗಳ ಏರಿ, ಗಣತಿಯಲ್ಲಿ ಭಾಷೆ ಕೇಳುವುದನ್ನೇ 1961ರಲ್ಲಿ ಕೈಬಿಟ್ಟರು. 1947ರದೇ ಅಲ್ಲಿನ ಕೊನೆಯ ಭಾಷಾ ಲೆಕ್ಕ. ಸುಳ್ಳು ಬರೆಸಿ ಗೆಲ್ಲಲು ಹೋದರೆ ಕೊನೆಗೆ ಕಾಟಾನೇ ಎತ್ತಿಕೊಂಡು ಹೋಗುತ್ತಾರೆ.

ನೂರಕ್ಕೆ ಹದಿನೈದು

ಈಗ ಗಡಿ ಬದಲಾಗುವುದಿಲ್ಲ. ಹಾಗಾದರೆ ಭಾಷೆಯ ಲೆಕ್ಕದಿಂದ ನಮಗೇನು?

ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದಲ್ಲೇ ಕಾಪು ಇದೆ. 350ಎ ವಿಧಿ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಅನುಕೂಲ ಮಾಡಬೇಕು ಅನ್ನುತ್ತದೆ. 350ಬಿ ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯನ್ನು ಇಡಬೇಕು ಅನ್ನುತ್ತದೆ. ಇವು 1956ರಲ್ಲಿ ಸೇರಿದವು. ಇವುಗಳ ಜೊತೆಗಿರುವ ಸುರಕ್ಷಾ ಸೂತ್ರಗಳಲ್ಲಿ ಮೂರು ಸಂಖ್ಯೆಗಳನ್ನು ನಾವು ಬಾಯಿಪಾಠ ಮಾಡಿಕೊಳ್ಳಬೇಕು.

ಒಂದು: ಜಿಲ್ಲೆಯಲ್ಲಾಗಲಿ, ಅದಕ್ಕಿಂತ ಚಿಕ್ಕದಾದ ತಾಲೂಕು, ಮುನ್ಸಿಪಾಲಿಟಿಯಲ್ಲಾಗಲಿ ಒಂದು ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 15ರಿಂದ 20 ಇದ್ದರೆ, ಸರ್ಕಾರದ ಮುಖ್ಯ ನೋಟೀಸು, ನಿಯಮಗಳನ್ನು ಆ ಭಾಷೆಯಲ್ಲೂ ಅಚ್ಚು ಮಾಡಬೇಕು.

ಎರಡು: ಜಿಲ್ಲೆಯಲ್ಲಿ ಅವರು ನೂರಕ್ಕೆ 60 ಇದ್ದರೆ ಆ ಭಾಷೆಗೆ ರಾಜ್ಯಭಾಷೆಯ ಜೊತೆಗೆ ಆಡಳಿತದಲ್ಲಿ ಜಾಗ ಕೊಡಬಹುದು.

ಮೂರು: ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯ ಮೇಷ್ಟ್ರನ್ನು ಕೊಡಬೇಕು. ಇದು ಗಣತಿಯಿಂದಲ್ಲ, ಶಾಲೆಯ ದಾಖಲಾತಿಯಿಂದ ಬರುವ ಲೆಕ್ಕ. ಆದರೆ ‘ನಿಮ್ಮ ಮಂಡಲದಲ್ಲಿ ಕನ್ನಡದವರೇ ಇಲ್ಲವಲ್ಲ’ ಅಂತ ಯಾರಾದರೂ ಅಂದಾಗ ತೋರಿಸಲು ಗಣತಿಯ ಹಾಳೆ ಬೇಕೇ ಬೇಕು.

ನಮ್ಮ ಪಶ್ಚಿಮದ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವೆ. ಮೇಷ್ಟ್ರು ನಿವೃತ್ತರಾದಾಗ, ಪುಸ್ತಕ ತಡವಾದಾಗ ತಂದೆತಾಯಿಗಳು ಅರ್ಜಿ ಹಿಡಿದು ತಿರುಗುತ್ತಾರೆ. ಅರ್ಜಿಗೆ ಬಲ ಸಂಖ್ಯೆ. ಅಳತೆಯ ಪಟ್ಟಿಯಿಲ್ಲದೆ ಹೊಲ ನನ್ನದು ಅಂದರೆ ಸರ್ವೆಯವನು ಕೇಳುತ್ತಾನೆಯೇ?

ಇನ್ನೊಂದು ಮಾತು ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ. 2011ರಲ್ಲಿ ಕರ್ನೂಲು ಜಿಲ್ಲೆಯ ಜನಸಂಖ್ಯೆ 40,53,463. ಅದರಲ್ಲಿ ಶ್ರೀಶೈಲದ ಕಾಡಿನವರೆಗಿನ ಊರುಗಳೆಲ್ಲ ಇದ್ದವು. ಕನ್ನಡದ ಮನೆಗಳು ಇರುವುದು ಹೆಚ್ಚಾಗಿ ಪಶ್ಚಿಮದ ಅಂಚಿನಲ್ಲಿ. ದೊಡ್ಡ ಹಂಡೆ ನೀರಿಗೆ ಒಂದು ಹಿಡಿ ಬೆಲ್ಲ ಹಾಕಿದಂತೆ ನಮ್ಮ ಪಾಲು ಕರಗಿಹೋಗುತ್ತಿತ್ತು. 2022ರ ಏಪ್ರಿಲ್ 4ರಂದು ನಂದ್ಯಾಲ ಬೇರೆ ಜಿಲ್ಲೆಯಾಯಿತು. ಹಂಡೆ ಚಿಕ್ಕದಾಗಿದೆ, ಬೆಲ್ಲ ಅಷ್ಟೇ ಇದೆ. ಹೊಸ ಕರ್ನೂಲು ಜಿಲ್ಲೆಯ ಭಾಷಾ ಲೆಕ್ಕ ಮೊದಲ ಸಲ ಸಿಗುವುದು ಈ ಗಣತಿಯಲ್ಲೇ. ಬೆಲ್ಲವನ್ನು ನಾವೇ ಹಾಕದೆ ಹೋದರೆ ಸಿಹಿಯಾಗಲಿಲ್ಲ ಅಂತ ದೂರುವಂತಿಲ್ಲ.

ಮಾತೃಭಾಷೆ ಅಂದರೆ ಯಾರ ಭಾಷೆ?

ನಮ್ಮಲ್ಲಿ ಬಹಳ ಜನರ ಗೊಂದಲ ಇದು. ‘ಆಂಧ್ರದಲ್ಲಿದ್ದೇವೆ, ತೆಲುಗು ಬರೆಸಬೇಕೇನೋ’ ಅಂತ ಕೆಲವರು. ‘ಮಕ್ಕಳು ಇಂಗ್ಲಿಷ್ ಮೀಡಿಯಂ, ಏನು ಬರೆಸೋದು’ ಅಂತ ಕೆಲವರು. ‘ಎರಡೂ ಬರುತ್ತೆ, ಎರಡೂ ಬರಕೊಳ್ರಿ’ ಅಂತ ಇನ್ನು ಕೆಲವರು.

ಗಣತಿಯ ನಿಯಮ ಸರಳ. ಚಿಕ್ಕಂದಿನಲ್ಲಿ ತಾಯಿ ನಿಮ್ಮೊಡನೆ ಯಾವ ಮಾತು ಆಡಿದಳೋ ಅದು ನಿಮ್ಮ ಮಾತೃಭಾಷೆ. ಎಳೆತನದಲ್ಲೇ ತಾಯಿ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ಮಾತು. ಇರುವ ರಾಜ್ಯ, ಓದಿದ ಶಾಲೆ, ಬರೆಯುವ ಲಿಪಿ ಯಾವುದೂ ಇದಕ್ಕೆ ಸಂಬಂಧವಿಲ್ಲ. ಮನೆಯವರೆಲ್ಲರಿಗೂ ಒಂದೇ ಇರಬೇಕಾಗಿಲ್ಲ, ಒಬ್ಬೊಬ್ಬರನ್ನೂ ಬೇರೆ ಕೇಳಬೇಕು. ನೀವು ಹೇಳಿದ ಹೆಸರನ್ನು ಹಾಗೇ ಬರೆಯಬೇಕು, ಗಣತಿದಾರ ತನ್ನ ಬುದ್ಧಿ ಸೇರಿಸುವಂತಿಲ್ಲ. ಇದಾದ ಮೇಲೆ, ಬರುವ ಇತರ ಭಾಷೆಗಳು ಅಂತ 2011ರಲ್ಲಿ ಹನ್ನೊಂದನೇ ಪ್ರಶ್ನೆಯಿತ್ತು. ಅಲ್ಲಿ ಎರಡು ಭಾಷೆಯವರೆಗೆ ಹೇಳಬಹುದಿತ್ತು. ‘ಎರಡೂ ಬರುತ್ತೆ’ ಅನ್ನುವುದಕ್ಕೆ ಜಾಗ ಅದು.

ಈ ನಿಯಮವನ್ನು ನಮ್ಮನೆಗೆ ಹಚ್ಚಿ ನೋಡಿ. ನಮ್ಮ ಅವ್ವ, ನಾನು, ನನ್ನ ತಮ್ಮ, ಸಿರುಗುಪ್ಪ ಕಡೆಯಿಂದ ಬಂದ ತಮ್ಮನ ಹೆಂಡತಿ ನಾಲ್ವರೂ ಕನ್ನಡ. ನನ್ನ ಹೆಂಡತಿ ಪತ್ತಿಕೊಂಡ ಕಡೆಯಾಕೆ, ತೆಲುಗು. ಮಕ್ಕಳಿಬ್ಬರನ್ನೂ ಜೋಗುಳ ಹಾಡಿ ಮಲಗಿಸಿದ್ದು ಆಕೆ, ತೆಲುಗಿನಲ್ಲಿ. ಅಂದರೆ ನಿಯಮದ ಪ್ರಕಾರ ನನ್ನ ಮಕ್ಕಳ ಮಾತೃಭಾಷೆ ತೆಲುಗು! ಕನ್ನಡ ಕವಿಯ ಮಕ್ಕಳು ತೆಲುಗಿನ ಲೆಕ್ಕಕ್ಕೆ ಅಂದರೆ ಗೆಳೆಯರು ನಗುತ್ತಾರೆ. ನಗಲಿ. 2011ರಲ್ಲಿ ನಾಲ್ಕು ಕನ್ನಡ, ಮೂರು ತೆಲುಗು ಅಂತ ಬರೆಯಬೇಕಿತ್ತು. ಏಳಕ್ಕೆ ಏಳು ತೆಲುಗು ಅನ್ನುವುದು ಹೇಗೆ ಸುಳ್ಳೋ, ಹಟಕ್ಕೆ ಬಿದ್ದು ಏಳಕ್ಕೆ ಏಳು ಕನ್ನಡ ಬರೆಸಿದ್ದರೆ ಅದೂ ಹಾಗೇ ಸುಳ್ಳು. ನನ್ನ ಅವ್ವನ ಮಾತಿಗೆ ಲೆಕ್ಕ ಕೇಳುವವನು ನನ್ನ ಮಕ್ಕಳ ಅವ್ವನ ಮಾತನ್ನು ಅಳಿಸಬಾರದು.

ಹೆಸರು ಹೇಳುವುದರಲ್ಲೂ ಎಚ್ಚರ ಬೇಕು. 2011ರಲ್ಲಿ ದೇಶದ ಜನ ಮಾತೃಭಾಷೆಯೆಂದು ಹೇಳಿದ ಹೆಸರುಗಳು ಒಟ್ಟು 19,569. ಅವನ್ನೆಲ್ಲ ಜಾಲಿಸಿ ಗುಂಪು ಮಾಡಿ 121 ಭಾಷೆಗಳಿಗೆ ಇಳಿಸಿದರು. ಆ ಲೆಕ್ಕ ಹೊರಬಂದದ್ದು 2018ರಲ್ಲಿ. ಕನ್ನಡ 4 ಕೋಟಿ 37 ಲಕ್ಷ, ತೆಲುಗು 8 ಕೋಟಿ 11 ಲಕ್ಷ. ಕುರುಬ, ಬಡಗ ಅಂತ ಹೇಳಿದವರು ಕನ್ನಡದ ಗುಂಪಿಗೆ ಬಂದರು. ನಮ್ಮ ತಾಂಡಾಗಳ ಲಂಬಾಡಿ ಮಾತು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನರದು. ಅದು ಹೋಗಿ ಸೇರಿದ್ದು ಹಿಂದಿಯ ಗುಂಪಿಗೆ! ಆದರೂ ಆ ಗುಂಪಿನ ಒಳಗೆ ಲಂಬಾಡಿ ಅಂತ ಬೇರೆ ಸಾಲು ಇದೆ. ಸಾಲು ಇರುವುದು ಅವರು ಹಾಗೆ ಹೇಳಿದ್ದರಿಂದ. ಕೇಳುವವರು ಮುಂದೆ ಆ ಸಾಲು ತೋರಿಸಿ ಕೇಳಬಹುದು. ಹೇಳದೆ ಇದ್ದವರಿಗೆ ಸಾಲೂ ಇಲ್ಲ.

ಗುಂಟೂರಿಗೆ ಹೋದವರ ಲೆಕ್ಕ

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಗಣತಿ ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ನಮ್ಮೂರುಗಳಲ್ಲಿ ಯಾರಿರುತ್ತಾರೆ?

ಕೋಸಿಗಿ, ಕೌತಾಳಂ, ಮಂತ್ರಾಲಯ, ಆದವಾನಿ ಕಡೆಯ ಹಳ್ಳಿಗಳಿಗೆ ಆಗ ಹೋಗಿ ನೋಡಿ. ಕೇರಿಗೆ ಕೇರಿಯೇ ಬೀಗ. ಮಳೆ ಕೈಕೊಟ್ಟ ವರ್ಷವಂತೂ ಲಾರಿ, ಟ್ರಾಕ್ಟರು, ರೈಲು ಹತ್ತಿ ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಕೆಲವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ನಾಯಿಗಳು.

ಹಿಂದಿನ ಗಣತಿಗಳ ನಿಯಮ ಹೀಗಿತ್ತು: ಎಣಿಕೆಯ ದಿನಗಳಲ್ಲಿ ಸ್ವಲ್ಪ ದಿನವಾದರೂ ಮನೆಯಲ್ಲಿದ್ದರೆ, ಇಲ್ಲವೇ ಆ ದಿನಗಳು ಮುಗಿಯುವುದರೊಳಗೆ ವಾಪಸು ಬರುವವರಿದ್ದರೆ ಮನೆಯಲ್ಲೇ ಲೆಕ್ಕ. ಅಷ್ಟೂ ದಿನ ಹೊರಗೇ ಇದ್ದರೆ, ಇದ್ದಲ್ಲಿ ಲೆಕ್ಕ. 2011ರಲ್ಲಿ ಆ ದಿನಗಳು ಫೆಬ್ರವರಿ 9ರಿಂದ 28. ಮನೆಯಿಲ್ಲದೆ ರಸ್ತೆ ಬದಿ, ಸ್ಟೇಷನ್ನಿನಲ್ಲಿ ಮಲಗುವವರನ್ನು ಎಣಿಸಿದ್ದು 28ರ ರಾತ್ರಿ.

ಕೇಳಲು ಸರಿ. ಆದರೆ ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಟಾರ್ಪಾಲು ಕಟ್ಟಿಕೊಂಡ ಕುಟುಂಬವನ್ನು ಯಾವ ಬ್ಲಾಕಿನ ಗಣತಿದಾರ ಹುಡುಕಿ ಬರುತ್ತಾನೆ? ಊರಿನಲ್ಲಿ ಬೀಗ, ಅಲ್ಲಿ ಬದು. ಎರಡರ ನಡುವೆ ಮನುಷ್ಯ ಬಿದ್ದುಹೋಗುತ್ತಾನೆ. ಬರದ ನಾಡಿನ ಕಷ್ಟಕ್ಕೆ ಅವನೇ ಸಾಕ್ಷಿ, ಅವನೇ ಲೆಕ್ಕದಿಂದ ಹೊರಗೆ.

ಇದಕ್ಕೆ ನಾವು ಮಾಡಬಹುದಾದ್ದು ಇದೆ. ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಗಳೇ, ಇದು ನಿಮ್ಮ ಕೈಯಲ್ಲಿರುವ ಕೆಲಸ. ಹೋದ ಊರಿನ ಪಂಚಾಯಿತಿಯಲ್ಲಿ ‘ನಮ್ಮ ಇಷ್ಟು ಮಂದಿ ಇಂಥ ಹೊಲದಲ್ಲಿದ್ದಾರೆ’ ಅಂತ ಹೇಳಿ ಎಣಿಸಿಸಿ. ಹಿಂದಿನ ವಾಸಸ್ಥಳ ಯಾವುದು, ಯಾಕೆ ಬಂದಿರಿ ಅನ್ನುವ ಪ್ರಶ್ನೆಗಳು 2011ರಲ್ಲಿ ಇದ್ದವು. ಈ ಸಲವೂ ಕೇಳಿದರೆ ಕರ್ನೂಲು ಜಿಲ್ಲೆ ಅಂತ, ಕೆಲಸಕ್ಕೆ ಅಂತ ಬಾಯಿಬಿಟ್ಟು ಹೇಳಿ. ಭಾಷೆ ಕೇಳಿದಾಗ ಗುಂಟೂರಿನಲ್ಲಿದ್ದೇವೆ ಅಂತ ತೆಲುಗು ಅನ್ನಬೇಡಿ, ಅವ್ವನ ಮಾತು ಹೇಳಿ. ಊರಲ್ಲಿ ಉಳಿದ ಹಿರಿಯರೇ, ಅಷ್ಟೂ ದಿನ ಹೊರಗಿರುವ ಮಕ್ಕಳನ್ನು ಇಲ್ಲಿಯೂ ಬರೆಸಿ ಎರಡು ಲೆಕ್ಕ ಮಾಡಬೇಡಿ. ಆದರೆ ನಡುವೆ ಬಂದು ಹೋಗುವವರನ್ನು ಬಿಡಬೇಡಿ.

ಭಯ ಬೇಡ, ಅಸಡ್ಡೆಯೂ ಬೇಡ

‘ಕನ್ನಡ ಬರೆಸಿದರೆ ರೇಷನ್ ಕಾರ್ಡು ಹೋಗುತ್ತಂತೆ’, ‘ಪೆನ್ಷನ್ ನಿಲ್ಲಿಸ್ತಾರಂತೆ’ ಅಂತ ಚಹಾದಂಗಡಿಯ ಮಾತು ಕೇಳಿದ್ದೇನೆ. ಇದೆಲ್ಲ ಗಾಳಿಮಾತು. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ನೀವು ಗಣತಿದಾರನಿಗೆ ಹೇಳಿದ್ದನ್ನು ಬೇರೆ ಯಾರೂ ತೆಗೆದು ನೋಡುವಂತಿಲ್ಲ. ಕೋರ್ಟಿನಲ್ಲಿ ನಿಮ್ಮ ಮೇಲೆ ಸಾಕ್ಷಿಯಾಗಿ ಹಾಜರು ಮಾಡುವಂತಿಲ್ಲ. ಹೊರಗೆ ಬರುವುದು ಒಟ್ಟು ಲೆಕ್ಕ ಮಾತ್ರ, ನಿಮ್ಮ ಹೆಸರಲ್ಲ. ಅದೇ ಕಾಯ್ದೆಯಂತೆ ಕೇಳಿದ ಪ್ರಶ್ನೆಗೆ ತಿಳಿದಂತೆ ನಿಜ ಹೇಳುವುದು ನಮ್ಮ ಕರ್ತವ್ಯವೂ ಹೌದು. ಬ್ಯಾಂಕ್ ಖಾತೆಯ ನಂಬರು ಗಣತಿಯ ಪ್ರಶ್ನೆಯಲ್ಲ. ಅದನ್ನು ಕೇಳಿದವನು ಗಣತಿಯವನಲ್ಲ, ಗುರುತಿನ ಚೀಟಿ ತೋರಿಸು ಅನ್ನಿ.

ಗಣತಿಯ ಮೇಷ್ಟ್ರುಗಳಿಗೂ ಒಂದು ಬಿನ್ನಹ. ನಿಮ್ಮ ಕಷ್ಟ ನಮಗೆ ಗೊತ್ತು. ಪಾಠವೂ ನಿಮ್ಮದೇ, ಪರೀಕ್ಷೆಯೂ ನಿಮ್ಮದೇ, ಗಣತಿಯೂ ನಿಮ್ಮದೇ. ಮಜ್ಜಿಗೆ ನಾವು ಕೊಡುತ್ತೇವೆ. ಆ ಒಂದು ಪ್ರಶ್ನೆಯನ್ನು ಮಾತ್ರ ಬಿಡದೆ ಕೇಳಿ. ಒಬ್ಬೊಬ್ಬರನ್ನೂ ಕೇಳಿ. ನಾವು ನಿಮ್ಮ ಹತ್ತಿರ ತೆಲುಗು ಆಡುವುದು ನಿಮ್ಮ ಮೇಲಿನ ಗೌರವಕ್ಕೆ, ನಮ್ಮ ಅವ್ವಂದಿರನ್ನು ಮರೆತಿದ್ದಕ್ಕಲ್ಲ.

ಓದುಗರೇ, ಮಾರ್ಕೆಟ್ಟಿನಲ್ಲಿ ಒಂದು ಚೀಲದ ತೂಕ ಎರಡು ಕಿಲೋ ತಪ್ಪಿದರೆ ನಾವು ದಲಾಲಿಯ ಅಂಗಡಿ ಮುಂದೆ ಅರ್ಧ ದಿನ ಕೂತು ತಿದ್ದಿಸಿಕೊಂಡು ಬರುತ್ತೇವೆ. ಚೀಟಿ ಓದಿಸಿ ಕೇಳದೆ ಸಹಿ ಹಾಕುವುದಿಲ್ಲ. ದೇಶದ ತೂಕದ ಚೀಟಿ ಹದಿನಾರು ವರ್ಷದ ಮೇಲೆ ಬರುತ್ತಿದೆ. ಮೊಬೈಲಿನಲ್ಲಿ ಏನು ಒತ್ತಿದರು ಅಂತ ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ, ಆಗಲೇ ತಿದ್ದಿಸಿ.

ಈಗ ನಮ್ಮನೆಯಲ್ಲಿ ಐದು ಜನ. ನಾನು ಕನ್ನಡ. ಹೆಂಡತಿ ತೆಲುಗು, ಮಗ ತೆಲುಗು. ಸೊಸೆ ಸಿರುಗುಪ್ಪದ ಹತ್ತಿರದಾಕೆ, ಕನ್ನಡ. ಅವಳ ಮಡಿಲಲ್ಲಿರುವ ಮೊಮ್ಮಗಳ ಹತ್ತಿರ ಅವಳು ಆಡುವುದು ಕನ್ನಡ. ಕಳೆದ ಸಲ ಒಳಗಿನಿಂದ ಮಜ್ಜಿಗೆ ಕೊಡೋ ಅಂದ ದನಿ ಈಗಿಲ್ಲ. ಆದರೆ ಅದೇ ಮಾತು ಈಗ ಆ ಕೂಸಿನ ಬಾಯಲ್ಲಿ ಒಂದೊಂದೇ ಪದವಾಗಿ ಬರುತ್ತಿದೆ. 2027ರ ಫೆಬ್ರವರಿಯಲ್ಲಿ ಗಣತಿಯವರು ಬಂದಾಗ ನಾನು ಕಟ್ಟೆಯ ಮೇಲೇ ಕೂತಿರುತ್ತೇನೆ, ಈ ಸಲ ಬಾಯಿ ತೆರೆದುಕೊಂಡು.